ಐದೆಸಳಿನ ಕಾರ್ನೇಷನ್

(ಶಾಲೆಯ ವಾರ್ಷಿಕೋತ್ಸವದ ದಿನ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದಲ್ಲಿ ನಾಲ್ಕು ಮಾತು ಆಡಬೇಕೆಂದು ಸಂಘದವರು ನಮಗೆ ಅಪ್ಪಣೆ ಮಾಡಿದಾಗ, ವಿದ್ಯೆಯ ಹಿರಿಮೆಯನ್ನು ಕುರಿತೋ ಸನ್ನಡತೆಯನ್ನು ಕುರಿತೋ ನಾವು ಮಾತನಾಡುವೆವೆಂದು ಅವರು ನಿರೀಕ್ಷಿಸಿದ್ದರೆ ಅದು ಸಹಜವೇ. ಆ ವಿಷಯಗಳನ್ನು ಕುರಿತು ಈ ವೇದಿಕೆಯಿಂದ ನಮಗಿಂತ ಹೆಚ್ಚು ಬಲ್ಲವರು ವರ್ಷವರ್ಷವೂ ಹೇಳಿದ್ದಾರೆ. ನಾವಾದರೋ ಬಾವಿಯ ಪಕ್ಕದಲ್ಲಿರುವ ಎಂಟಡಿ ಉದ್ದದ ಒಂದು ಹೂವಿನ ಪಾತಿಯನ್ನು ಕುರಿತು ಮಾತನಾಡಲು ಅನುಮತಿ ಬೇಡಿದೆವು. ಆ ಪಾತಿಯ ವಿಷಯದಲ್ಲಿ ಈ ಸಭೆಗೆ ನಾವು ಒಂದು ಉತ್ತರವನ್ನು ಕೊಡಬೇಕಾಗಿದೆ. ಆ ಸಾಲ ಎರಡೂವರೆ ವರ್ಷದ್ದು.

ತಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆ ಅಕ್ಟೋಬರಿನಲ್ಲಿ, ದಸರಾ ರಜೆ ಮುಗಿದ ಮೇಲೆ ಪೋಷಕರ ಸಭೆ ಕೂಡಿತ್ತು. ಅಂಕಪಟ್ಟಿಗಳ ಮಾತೆಲ್ಲ ಆದ ಬಳಿಕ ಹಿಂದಿನ ಸಾಲಿನಲ್ಲಿ ಕುಳಿತಿದ್ದ ತಂದೆಯೊಬ್ಬರು ಎದ್ದು ನಿಂತು, "ಮುಡಿಯೋಕೂ ಆಗದ, ದೇವರಿಗೆ ಏರಿಸೋಕೂ ಆಗದ ಹೂವಿಗೆ ನಮ್ಮ ಮಕ್ಕಳ ಕೈಲಿ ನೀರು ಹೊರಿಸೋದು ಯಾಕೆ ಸ್ವಾಮಿ? ಅದೂ ಬದುಕಿದ್ದರೆ ಒಂದು ಮಾತು!" ಎಂದು ಕೇಳಿದರು. ಸಭೆ ನಕ್ಕಿತು. ನಾವೂ ನಕ್ಕೆವು, ಆದರೆ ನಮ್ಮ ನಗು ಉತ್ತರ ತಿಳಿಯದವನ ನಗು. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಜೂನ್ ತಿಂಗಳಲ್ಲಿ ಶಾಲೆ ತೆರೆದ ವಾರವೇ ಮಕ್ಕಳು ಬಿತ್ತಿ, ದಿನಕ್ಕೆ ಎರಡು ಹೊತ್ತು ನೀರು ಹೊತ್ತು ಬೆಳೆಸಿದ್ದ ಕಾರ್ನೇಷನ್ ಸಸಿಗಳು ಅಷ್ಟು ಹೊತ್ತಿಗೆ ಒಂದೊಂದಾಗಿ ಹಳದಿಗಟ್ಟಿ ಮಲಗಿದ್ದವು.

ಸಭೆ ಮುಗಿದು ಎಲ್ಲರೂ ಹೊರಟುಹೋದ ಮೇಲೆ ತಾಯಿಯೊಬ್ಬರು ಮಾತ್ರ ಪಾತಿಯ ಬಳಿ ನಿಂತಿದ್ದರು. ಅವರು ದಿನವೂ ಬೆಳಗಿನ ಜಾವ ವಾಹನ ಹತ್ತಿ ತಳಿಯ ಕಡೆಯ ಪಾಲಿಹೌಸಿಗೆ ಕೆಲಸಕ್ಕೆ ಹೋಗುವವರು. ಅಪ್ಪಣೆ ಕೇಳಿ ಬಗ್ಗಿ ಒಂದು ಗಿಡವನ್ನು ಕಿತ್ತರು. ಬೇರು ಎನ್ನುವುದು ಇರಲೇ ಇಲ್ಲ. ನೆನೆದ ನೂಲಿನಂತೆ ಸಿಪ್ಪೆ ಕೈಗೆ ಬಂದಿತು. "ಸಾರ್, ಇದು ಬಿಸಿಲಿಗೆ ಬಾಡಿದ್ದಲ್ಲ. ನೀರು ಜಾಸ್ತಿಯಾಗೈತೆ. ನಮ್ಮ ಪಾಲಿಹೌಸಾಗೆ ಇದನ್ನ ಮಗು ಥರಾ ನೋಡ್ಕೊಂಡ್ರೆ ಮೇಸ್ತ್ರಿ ಬೈತಾರೆ" ಎಂದರು. ಆಮೇಲೆ ಏನೋ ತಪ್ಪು ಮಾತು ಆಡಿದವರಂತೆ ಸೆರಗನ್ನು ಬಾಯಿಗೆ ಹಿಡಿದು, "ನಾವು ಓದಿದೋರಲ್ಲ ಸಾರ್, ಕಂಡಿದ್ದು ಹೇಳ್ದೆ" ಎಂದು ಸೇರಿಸಿದರು.

ಅಂದಿನಿಂದ ನಾವು ಕಲಿತದ್ದನ್ನೆಲ್ಲ ಅವರ ಆ ಒಂದು ಮಾತಿನ ವ್ಯಾಖ್ಯಾನವೆಂದೇ ತಿಳಿಯಬಹುದು.

ಮೊದಲು ಈ ಗಿಡದ ಕುಲಗೋತ್ರ. ಹೊಸೂರು, ತಳಿ, ದೇಂಕಣಿಕೋಟೆಗಳ ಆಸುಪಾಸಿನಲ್ಲಿ ಬಿಳಿಯ ಪ್ಲಾಸ್ಟಿಕ್ ಹೊದ್ದ ಮನೆಗಳೊಳಗೆ ಬೆಳೆದು, ಬೆಂಗಳೂರಿನ ಮದುವೆ ಮಂಟಪಗಳಿಗೂ ದೂರದ ಊರುಗಳಿಗೂ ಹೋಗುವ ಕಾರ್ನೇಷನ್ ಹೂವನ್ನು ನೀವೆಲ್ಲ ಕಂಡಿದ್ದೀರಿ. ಮೊಳದುದ್ದದ ಕಾಂಡ, ತುದಿಯಲ್ಲಿ ಕತ್ತರಿಸಿದ ರೇಷ್ಮೆಯ ಚೂರುಗಳನ್ನು ಒತ್ತೊತ್ತಾಗಿ ತುಂಬಿದಂತೆ ಎಸಳುಗಳು. ಆದರೆ ಇದು ಅದರ ಹುಟ್ಟುರೂಪವಲ್ಲ. ಮೆಡಿಟರೇನಿಯನ್ ಸಮುದ್ರದ ಸುತ್ತಣ ಸೀಮೆಯೇ ಕಾರ್ನೇಷನ್ನಿನ ತವರು. ಅಲ್ಲಿನ ಕಾಡು ಕಾರ್ನೇಷನ್ನಿಗೆ ಇರುವುದು ಐದೇ ಎಸಳು. ಅಂಚು ಗರಗಸದ ಹಲ್ಲಿನಂತೆ. ಬಣ್ಣ ಸಾಮಾನ್ಯವಾಗಿ ತಿಳಿಗುಲಾಬಿ. ಒಳಗೆ ಹತ್ತು ಕೇಸರಗಳು, ನಡುವೆ ಸುರುಳಿಯಾಗಿ ಬಾಗಿದ ಎರಡು ಶಲಾಕೆಗಳು. ಎಲೆ ಹುಲ್ಲಿನಂತೆ ಸಪೂರ, ಮೇಲೆ ಬೂದಿ ಸವರಿದಂಥ ಮಾಸಲು ಹಸುರು. ಆ ಬೂದಿಯನ್ನು ಬೆರಳಿನಿಂದ ಉಜ್ಜಿದರೆ ಹೋಗುತ್ತದೆ. ಅದು ಮೇಣದ ತೆಳುಪದರ. ಒಳಗಿನ ನೀರು ಆವಿಯಾಗಿ ಹೋಗದಂತೆ ಗಿಡವು ತಾನೇ ಹೊದ್ದುಕೊಂಡ ಕಂಬಳಿ. ಕಂಬಳಿ ಹೊದ್ದವನು ನೀರಿನ ಬರವನ್ನು ಕಂಡವನೆಂದು ಅಂದೇ ನಮಗೆ ಹೊಳೆಯಬೇಕಾಗಿತ್ತು.

ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಮನುಷ್ಯರು ಈ ಹೂವನ್ನು ತೋಟದಲ್ಲಿ ಬೆಳೆಸಿದ್ದಾರೆ. ಹೀಗೆ ಬೆಳೆಸುತ್ತ, ಆರಿಸುತ್ತ ಬಂದಂತೆ ಎಸಳುಗಳು ಹೆಚ್ಚಿದವು. ಹೇಗೆ ಹೆಚ್ಚಿದವೆಂಬುದನ್ನು ವಿದ್ಯಾರ್ಥಿಗಳು ತಮ್ಮ ಕಣ್ಣಿನಿಂದಲೇ ನೋಡಬಹುದು. ಒತ್ತೆಸಳಿನ ಹೂವೊಂದನ್ನು ಬಿಡಿಸಿ, ಕೇಸರಗಳನ್ನು ಎಣಿಸಿರಿ. ಹತ್ತು ಸಿಕ್ಕುವುದಿಲ್ಲ, ಕೆಲವು ಹೂಗಳಲ್ಲಿ ಒಂದೂ ಸಿಕ್ಕುವುದಿಲ್ಲ. ಕೇಸರಗಳಾಗಬೇಕಾಗಿದ್ದವೇ ಎಸಳುಗಳಾಗಿ ಹರಡಿವೆ. ಕೆಲವೆಡೆ ಅರ್ಧ ಎಸಳು, ಅರ್ಧ ಕೇಸರವಾಗಿ ನಿಂತ ತುಣುಕುಗಳೂ ಕಾಣುತ್ತವೆ. ನೋಟಕ್ಕೆ ಹೂವು ತುಂಬಿತು; ಆದರೆ ಪರಾಗ ಹೋಯಿತು, ಅದರೊಡನೆ ಬೀಜವೂ ಬಹುಮಟ್ಟಿಗೆ ಹೋಯಿತು. ಪಾಲಿಹೌಸಿನವರು ಬೀಜಕ್ಕಾಗಿ ಕಾಯುವುದಿಲ್ಲ. ಹೊಸ ಬಗೆಗಳನ್ನು ಹುಟ್ಟಿಸಿದ ವಿದೇಶೀ ಸಂಸ್ಥೆಗಳಿಗೆ ಗಿಡಕ್ಕೆ ಇಷ್ಟೆಂದು ರಾಜಧನ ಸಲ್ಲಿಸಿ, ಬೇರು ಬರಿಸಿದ ಕುಡಿಗಳನ್ನು ತರಿಸಿ ನೆಡುತ್ತಾರೆ. ಅದು ಅವರ ಉದ್ಯಮ. ನಮ್ಮ ಎಷ್ಟೋ ಮನೆಗಳಲ್ಲಿ ಒಲೆ ಉರಿಯುವುದು ಅದರಿಂದಲೇ. ಆದರೆ ಶಾಲೆಯ ಪಾತಿಗೆ ಬೇಕಾದುದು ತನ್ನ ಬೀಜವನ್ನು ತಾನೇ ಕೊಡುವ ಗಿಡ. ಅದಕ್ಕಾಗಿಯೇ ನಾವು ಐದೆಸಳಿನದನ್ನು ಹಿಡಿದೆವು. ಅಪ್ಪಟ ಕಾಡು ಗಿಡ ನಮಗೆ ಸಿಕ್ಕಿಲ್ಲ. ಬೀಜದ ಪೊಟ್ಟಣದಿಂದ ಹುಟ್ಟಿದ ಗಿಡಗಳಲ್ಲಿ ಕೆಲವು ಒತ್ತೆಸಳಿನವಾಗಿಯೂ ಕೆಲವು ಐದೆಸಳಿನವಾಗಿಯೂ ಬಂದವು. ಮಕ್ಕಳು ಐದೆಸಳಿನವನ್ನು "ಕೆಟ್ಟುಹೋದವು" ಎಂದು ಕೀಳಲು ಹೊರಟಿದ್ದರು, ನಾವು ತಡೆದೆವು. ಈ ದಿನ ಪಾತಿಯಲ್ಲಿರುವವು ಅವುಗಳ ಸಂತತಿ.

ಹೆಸರಿನ ಸಂಗತಿಯನ್ನೂ ಹೇಳಿಬಿಡುತ್ತೇವೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಡಯಾಂತಸ್ ಕ್ಯಾರಿಯೋಫಿಲ್ಲಸ್. ಸ್ವೀಡನ್ನಿನ ಲಿನೇಯಸ್ ಪಂಡಿತನು 1753ರ ತನ್ನ ಗ್ರಂಥದಲ್ಲಿ ಇಟ್ಟದ್ದು. ಮೊದಲಿನ ಮಾತಿಗೆ ಗ್ರೀಕರ ದೇವರಾಜನ ಹೂವು ಎಂದು ಅರ್ಥ. ಎರಡನೆಯದು ಲವಂಗಕ್ಕೆ ಗ್ರೀಕರು ಹೇಳುತ್ತಿದ್ದ ಹೆಸರಿನಿಂದ ಬಂದದ್ದು. ಈ ಹೂವಿನ ಕಂಪು ಲವಂಗದ ಕಂಪು. ಎರಡರಲ್ಲಿಯೂ ಯೂಜೆನಾಲ್ ಎಂಬ ಒಂದೇ ಸುಗಂಧ ತೈಲಾಂಶವಿದೆ. ಮಾರಾಟಕ್ಕೆ ಬೆಳೆಸುವ ಬಗೆಗಳಲ್ಲಿ ಹೂವು ಬಹಳ ದಿನ ಬಾಳಬೇಕೆಂಬ ಆಸೆಯಲ್ಲಿ ಕಂಪು ಬಹುಮಟ್ಟಿಗೆ ಕಳೆದುಹೋಗಿದೆ. ಹೋದ ವರ್ಷ ಮಾರ್ಚಿಯಲ್ಲಿ ನಮ್ಮ ಮೊದಲ ಹೂವು ಅರಳಿದಾಗ ಐದನೆಯ ತರಗತಿಯ ಹುಡುಗಿಯೊಬ್ಬಳು ಮೂಸಿ ನೋಡಿ, "ಸಾರ್, ಅಮ್ಮನ ಮಸಾಲೆ ಡಬ್ಬಿ!" ಎಂದಳು. ಲಿನೇಯಸನ ಹೆಸರನ್ನು ಅವಳು ಕೇಳಿರಲಿಲ್ಲ. ನಮ್ಮ ತರಗತಿಗಳಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಮನೆಮಾತುಗಳ ಮಕ್ಕಳು ಉಂಟಷ್ಟೆ. ಅಂದಿನಿಂದ ಈ ಮೂವರೂ ಅದನ್ನು ಲವಂಗದ ಹೂವೆಂದೇ ಕರೆಯುತ್ತಾರೆ.

ಇನ್ನು ಕೃಷಿಯ ವಿಚಾರ. ಇಲ್ಲಿ ಸ್ವಲ್ಪ ನಿಧಾನಿಸುತ್ತೇವೆ, ತಾಳ್ಮೆಯಿಂದ ಕೇಳಬೇಕು.

ಕಾಡು ಕಾರ್ನೇಷನ್ ಮತ್ತು ಅದರ ನೆಂಟರು ಬೆಳೆಯುವುದು ಸುಣ್ಣಕಲ್ಲಿನ ಒಣ ಇಳಿಜಾರುಗಳಲ್ಲಿ, ಬಂಡೆಯ ಬಿರುಕುಗಳಲ್ಲಿ. ಇಂಗ್ಲೆಂಡಿನಲ್ಲಿ ತೋಟಗಳಿಂದ ತಪ್ಪಿಸಿಕೊಂಡ ಗಿಡಗಳು ಹಳೆಯ ಕೋಟೆಗಳ ಗೋಡೆಯ ಗಾರೆಯಲ್ಲಿ ಬೇರೂರಿ ತಲೆಮಾರುಗಳ ಕಾಲ ಬದುಕಿರುವುದುಂಟು. ಇದನ್ನು ಓದಿದಾಗ ನಮಗೆ ನಮ್ಮ ಬಾರಾಮಹಲ್ ಸೀಮೆಯ ಕೋಟೆಗಳು ನೆನಪಾದವು. ಆ ಕಾಲದ ಗಾರೆಯೂ ಸುಣ್ಣದ್ದೇ. ನಮ್ಮ ಹೊಲಗಳದು ಕೆಂಪು ಮಣ್ಣು. ಅದರಲ್ಲಿ ಸುಣ್ಣದ ಅಂಶ ಕಡಿಮೆ. ಆದುದರಿಂದ ಬಿದ್ದುಹೋದ ಹಳೆಯ ಮನೆಯೊಂದರ ಗಾರೆಯ ಹೆಂಟೆಗಳನ್ನು ಮನೆಯವರ ಒಪ್ಪಿಗೆ ಪಡೆದು ಮಕ್ಕಳು ಹೊತ್ತುತಂದು, ಒನಕೆಯಿಂದ ಕುಟ್ಟಿ ಪುಡಿಮಾಡಿದರು. ಅಂಗಡಿಯ ಹೊಸ ಸುಣ್ಣವನ್ನು ಹಾಗೆಯೇ ಹಾಕಕೂಡದು. ಅದು ಬೇರನ್ನು ಸುಡುತ್ತದೆ, ಕೈಯನ್ನೂ ಸುಡುತ್ತದೆ. ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಒರಟು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಹಳೆಯ ಕೊಟ್ಟಿಗೆ ಗೊಬ್ಬರ, ಜೊತೆಗೆ ನಾಲ್ಕಾರು ಬೊಗಸೆ ಗಾರೆಯ ಪುಡಿ. ಇಷ್ಟು ನಮ್ಮ ಪಾತಿಯ ಮಣ್ಣು. ಪಾತಿಯನ್ನು ನೆಲಮಟ್ಟದಲ್ಲಿ ಮಾಡದೆ ಸುತ್ತ ಕಲ್ಲು ಕಟ್ಟಿ ಒಂದಡಿ ಎತ್ತರಿಸಿದೆವು. ಇದು ಆ ತಾಯಿಯವರ ಸೂಚನೆ. ಮಳೆ ಎಷ್ಟೇ ಸುರಿದರೂ ನೀರು ಬೇರಿನ ಬಳಿ ನಿಲ್ಲದೆ ಇಳಿದುಹೋಗಬೇಕು. ಸತ್ತ ಗಿಡಗಳಿದ್ದ ಹಳೆಯ ಪಾತಿಯಲ್ಲಿ ಮತ್ತೆ ಕಾರ್ನೇಷನ್ ಹಾಕಲು ಅವರು ಒಪ್ಪಲಿಲ್ಲ. ಸೊರಗು ರೋಗದ ಬೂಷ್ಟು ಮಣ್ಣಿನಲ್ಲಿ ವರ್ಷಗಟ್ಟಲೆ ಇರಬಲ್ಲದು. ಒಮ್ಮೆ ಹೊಕ್ಕರೆ ಗಿಡ ಒಂದು ಮಗ್ಗುಲಿಂದ ಬಾಡುತ್ತ ಬರುತ್ತದೆ, ಔಷಧವಿಲ್ಲ. ಹೀಗಾಗಿ ಆ ಜಾಗವನ್ನು ಬಿಸಿಲಿಗೆ ಒಡ್ಡಿ, ಈಗ ಅಲ್ಲಿ ಅವರೆ ಬೆಳೆಯುತ್ತಿದ್ದೇವೆ. ಆ ವರ್ಷ ಹೂವು ಕಾಣಲಿಲ್ಲ, ಮಕ್ಕಳಿಗೆ ನಿರಾಸೆಯಾಯಿತು.

ನಾವು ಮಾಡಿದ ಎರಡನೆಯ ತಪ್ಪು ಕಾಲದ್ದು. ಶಾಲೆ ಜೂನಿನಲ್ಲಿ ತೆರೆಯುತ್ತದೆ, ಆದುದರಿಂದ ಜೂನಿನಲ್ಲಿ ಬಿತ್ತಿದೆವು! ಹೂವಿನ ಗಿಡಕ್ಕೆ ನಮ್ಮ ಹಾಜರಿ ಪುಸ್ತಕ ತಿಳಿಯದು. ನಮ್ಮ ಸೀಮೆಯಲ್ಲಿ ಜೋರು ಮಳೆಯೆಲ್ಲ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಎಳೆಯ ಗಿಡ ಆ ಮಳೆಗೆ ಸಿಕ್ಕರೆ ಬುಡ ಕೊಳೆಯುತ್ತದೆ. ಎತ್ತರದಲ್ಲಿರುವ ತಳಿಯಲ್ಲಿ ತಂಪು ಹೆಚ್ಚು. ಬೆಟ್ಟ ಇಳಿದು ಬರುವ ನಮ್ಮ ಅಂಚೆಟ್ಟಿಯಲ್ಲಿ ಸೆಕೆ ಬೇಗ ಹತ್ತುತ್ತದೆ. ಈ ಗಿಡ ಬಯಸುವುದು ಒಳ್ಳೆಯ ಬಿಸಿಲಿನ ಹಗಲು, ಚಳಿಯ ರಾತ್ರಿ. ಆದುದರಿಂದ ಮಹಾನವಮಿಯ ಹೊತ್ತಿಗೆ ಸೂರಿನ ಕೆಳಗೆ ತಟ್ಟೆಗಳಲ್ಲಿ ಬಿತ್ತಿ, ದೀಪಾವಳಿ ಕಳೆದು ಮಳೆ ಹಿಂದೆಗೆದ ಮೇಲೆ ಪಾತಿಗೆ ನೆಡುವುದು ನಮಗೆ ಒಗ್ಗಿದ ಕ್ರಮ.

ಬೀಜ ಕಪ್ಪಗೆ, ಚಪ್ಪಟೆಯಾಗಿ, ಕಾಳುಮೆಣಸಿನ ಪುಡಿಯಂತೆ ಇರುತ್ತದೆ. ಮೇಲೆ ಮರಳನ್ನು ತೆಳ್ಳಗೆ ಉದುರಿಸಿದರೆ ಸಾಕು. ಒಂದು ವಾರದಿಂದ ಎರಡು ವಾರದೊಳಗೆ ಮೊಳೆಯುತ್ತದೆ. ನಾಲ್ಕೈದು ವಾರಗಳಲ್ಲಿ ಸಸಿ ನೆಡಲು ಬರುತ್ತದೆ. ನೆಡುವಾಗ ನಮ್ಮ ರೈತ ಮಕ್ಕಳಿಗೇ ತಪ್ಪಾಗುವುದುಂಟು. ಟೊಮೇಟೊ ಸಸಿಯನ್ನು ಕಾಂಡ ಮುಚ್ಚುವಂತೆ ಆಳಕ್ಕೆ ನೆಟ್ಟು ಅಭ್ಯಾಸವಾದವರು ಇದನ್ನೂ ಹಾಗೆಯೇ ಹೂಳುತ್ತಾರೆ. ಹಾಗೆ ಮಾಡಕೂಡದು. ಸಸಿಯು ತಟ್ಟೆಯಲ್ಲಿ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳದಲ್ಲಿ, ಸಾಧ್ಯವಾದರೆ ಒಂದು ಕೂದಲೆಳೆ ಮೇಲೆಯೇ ಕೂರಿಸಬೇಕು. ಗಿಡದಿಂದ ಗಿಡಕ್ಕೆ ಒಂದಡಿ. ಎಂಟಡಿಯ ಪಾತಿಯಲ್ಲಿ ಎರಡು ಸಾಲು, ಹದಿನಾರು ಗಿಡ.

ನೀರಿನ ಮಾತಿಗೆ ಬರೋಣ; ಆ ತಂದೆಯವರ ಪ್ರಶ್ನೆ ಇದ್ದದ್ದೇ ಇಲ್ಲಿ. ಬೇಸಗೆಯಲ್ಲಿ ನಮ್ಮ ಊರುಗಳಲ್ಲಿ ಒಂದು ಕೊಡ ನೀರಿನ ಬೆಲೆ ಏನೆಂಬುದು ನಮಗೆ ತಿಳಿಯದ್ದಲ್ಲ. ಕಾಡಂಚಿನ ಹಳ್ಳಿಗಳಲ್ಲಿ ಆನೆಯ ಭಯದಿಂದ ಹೊತ್ತು ನೋಡಿ ನೀರಿಗೆ ಹೋಗಬೇಕು. ಅಂಥ ಮನೆಯ ಮಗುವಿನ ಕೈಯಲ್ಲಿ ಶಾಲೆಯಲ್ಲಿಯೂ ಹೂವಿಗಾಗಿ ನೀರು ಹೊರಿಸುವುದು ಅನ್ಯಾಯವೆಂದು ಅವರಿಗೆ ತೋರಿದ್ದರೆ ಅದು ಅವರ ತಪ್ಪಲ್ಲ. ತಪ್ಪು ನಮ್ಮದು. ನಾವು ದಿನಕ್ಕೆ ಎರಡು ಹೊತ್ತು ನೀರು ಹೊಯ್ಯಿಸಿ, ಮಕ್ಕಳನ್ನೂ ದಣಿಸಿದೆವು, ಗಿಡವನ್ನೂ ಕೊಂದೆವು. ಈಗಿನ ಕ್ರಮ ಹೀಗಿದೆ. ನೆಟ್ಟ ಹತ್ತು ದಿನ ಮಾತ್ರ ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ನೀರು. ಆಮೇಲೆ ಸರದಿಯ ವಿದ್ಯಾರ್ಥಿ ಬೆಳಿಗ್ಗೆ ಬಂದು ಮಣ್ಣಿನಲ್ಲಿ ತೋರುಬೆರಳನ್ನು ಎರಡು ಗಿಣ್ಣಿನಷ್ಟು ಊರುತ್ತಾನೆ. ಬೆರಳಿಗೆ ತಂಪು ತಗಲಿದರೆ ನೀರಿಲ್ಲ. ಒಣಗಿದ್ದರೆ ಪಾತಿಗೆಲ್ಲ ಎರಡು ಕೊಡ, ಬುಡಕ್ಕೆ ಮಾತ್ರ, ಎಲೆಯ ಮೇಲೆ ಅಲ್ಲ. ಚಳಿಗಾಲದಲ್ಲಿ ಇದು ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚಾಗಿ ಬಂದಿಲ್ಲ. ಆ ನೀರೂ ಬಾವಿಯದಲ್ಲ. ಮಧ್ಯಾಹ್ನದ ಊಟಕ್ಕೆ ಮುಂಚೆ ಮಕ್ಕಳು ಕೈ ತೊಳೆಯುವ ತೊಟ್ಟಿಯಿಂದ ಹಿಡಿದದ್ದು. ಸಾಬೂನು ಬೆರೆತ ದಿನ ಅದನ್ನು ಪಾತಿಗೆ ಬಿಡುವುದಿಲ್ಲ.

ಒಂದು ಸಂಗತಿಯನ್ನು ಮಾತ್ರ ಒಪ್ಪಿಕೊಳ್ಳಬೇಕು. ನೀರು ಹೊಯ್ಯದಿರುವುದನ್ನು ಮಕ್ಕಳಿಗೆ ಕಲಿಸುವುದು ನೀರು ಹೊಯ್ಯುವುದನ್ನು ಕಲಿಸುವುದಕ್ಕಿಂತ ಕಷ್ಟ. ಎಷ್ಟೋ ಸಲ ನಮ್ಮ ಕಣ್ಣು ತಪ್ಪಿಸಿ ಲೋಟದಲ್ಲಿ ನೀರು ತಂದು ಹೊಯ್ದವರುಂಟು. "ಪಾಪ, ಬಾಯಾರೈತೆ ಸಾರ್" ಎಂಬುದೇ ಅವರ ಸಮಾಧಾನ.

ಗಿಡಕ್ಕೆ ಆರು ಜೊತೆ ಎಲೆಗಳಾದಾಗ ನಡುಗುಡಿಯನ್ನು ಚಿವುಟಬೇಕು. ಇದಕ್ಕೂ ಮಕ್ಕಳ ಕೈ ಹಿಂದೆಗೆಯುತ್ತದೆ. ಆದರೆ ಚಿವುಟಿದಲ್ಲಿ ನಾಲ್ಕಾರು ಕವಲು ಒಡೆದು ಗಿಡ ಪೊದೆಯಾಗುತ್ತದೆ. ಕಾಂಡಗಳು ಎತ್ತರವಾಗಿ ಬಾಗತೊಡಗಿದಾಗ ಸಣ್ಣ ಗೂಟ ನೆಟ್ಟು ಸಡಿಲವಾಗಿ ಬಾಳೆನಾರಿನಿಂದ ಕಟ್ಟಬೇಕು. ಪಾಲಿಹೌಸಿನಲ್ಲಿ ಇದಕ್ಕೆ ಬಲೆ ಹಾಸುತ್ತಾರೆ. ಅಲ್ಲಿ ಒಂದು ಕಾಂಡಕ್ಕೆ ಒಂದೇ ದೊಡ್ಡ ಹೂವು ಬೇಕಾದಾಗ ಪಕ್ಕದ ಮೊಗ್ಗುಗಳನ್ನೆಲ್ಲ ತೆಗೆಯುತ್ತಾರೆ. ಗೊಂಚಲು ಬೇಕಾದ ಬಗೆಯಲ್ಲಿ ತುದಿಯ ಮೊಗ್ಗನ್ನೇ ತೆಗೆಯುತ್ತಾರೆ. ಆ ತಾಯಿಯವರು ಒಂದು ಶನಿವಾರ ಬಂದು ಇದನ್ನು ಮಕ್ಕಳಿಗೆ ತೋರಿಸಿಕೊಟ್ಟರು. ಬೆಳಗಿನಿಂದ ಸಂಜೆಯವರೆಗೆ ಮೊಗ್ಗು ಕಿತ್ತು ಕಿತ್ತು ಹಸುರುಗಟ್ಟಿದ ಹೆಬ್ಬೆರಳಿನ ಉಗುರು ಮೊಗ್ಗಿನ ಬುಡವನ್ನು ಮುಟ್ಟಿತೋ ಇಲ್ಲವೋ ಎಂಬಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಅವರ ಮಗಳು ಮೂರನೆಯ ಸಾಲಿನಲ್ಲಿ ಕುಳಿತು ನೋಡುತ್ತಿದ್ದಳು. ಅಮ್ಮ ಏನು ಕೆಲಸ ಮಾಡುತ್ತಾರೆಂದು ಕೇಳಿದರೆ ಅದುವರೆಗೆ ತಲೆ ತಗ್ಗಿಸುತ್ತಿದ್ದ ಹುಡುಗಿ ಆಕೆ. ಆ ಶನಿವಾರದ ಮೇಲೆ ಏನಾಯಿತೆಂಬುದನ್ನು ನಾವು ವಿವರಿಸುವುದಿಲ್ಲ. ಅವಳ ಸಹಪಾಠಿಗಳು ಇಲ್ಲಿಯೇ ಇದ್ದಾರೆ, ಕೇಳಬಹುದು.

ನಮ್ಮ ಐದೆಸಳಿನ ಗಿಡದಲ್ಲಿ ಮೊಗ್ಗು ಕೀಳುವ ಅಗತ್ಯವಿಲ್ಲ. ಬಾಡಿದ ಹೂಗಳನ್ನು ಆಗಾಗ ತೆಗೆದರೆ ಹೊಸ ಮೊಗ್ಗು ಬರುತ್ತದೆ. ಗೊಬ್ಬರವನ್ನು ಅತಿಯಾಗಿ ಹಾಕಿದರೆ ಎಲೆ ಸೊಕ್ಕಿ ಹೂವು ಕಡಿಮೆಯಾಗುತ್ತದೆ. ಒತ್ತೆಸಳಿನವುಗಳಲ್ಲಿ ಹೂವಿನ ಹಸುರು ಕೊಳವೆಯೇ ಸೀಳಿಹೋಗುತ್ತದೆ. ಫೆಬ್ರವರಿ ಕಳೆದು ಬಿಸಿಲೇರಿದಾಗ ಎಲೆಯಡಿಯಲ್ಲಿ ಕೆಂಪು ಜೇಡನುಸಿ ಕೂರುತ್ತದೆ, ಎಳೆಗುಡಿಗೆ ಸಸ್ಯಹೇನು ಹತ್ತುತ್ತದೆ, ಮೊಗ್ಗನ್ನು ಅವರೆಗೂ ಬರುವ ಕಾಯಿಕೊರಕ ಹುಳುವೇ ಕೊರೆಯುತ್ತದೆ. ಬೇವಿನ ಬೀಜದ ಕಷಾಯ, ಬೆಳಗ್ಗೆ ಕೈಯಿಂದ ಹುಳು ಆರಿಸುವುದು, ಇವಿಷ್ಟೇ ನಮ್ಮ ಚಿಕಿತ್ಸೆ. ಮಕ್ಕಳ ಕೈ ಮುಟ್ಟುವ ಪಾತಿಗೆ ವಿಷ ಸಿಂಪಡಿಸುವುದಿಲ್ಲವೆಂದು ನಿಶ್ಚಯಿಸಿದ್ದೇವೆ; ಅದರಿಂದ ನಾಲ್ಕು ಮೊಗ್ಗು ಹೋದರೆ ಹೋಗಲಿ.

ಹೋದ ವರ್ಷದ ವಾರ್ಷಿಕೋತ್ಸವದಲ್ಲಿ ನಡೆದ ಒಂದು ಅವಾಂತರವನ್ನು ಮುಚ್ಚಿಡುವುದು ಸರಿಯಲ್ಲ. ಅತಿಥಿಗಳ ಮೇಜಿಗೆಂದು ಮಕ್ಕಳು ಹಿಂದಿನ ಸಂಜೆ ಹನ್ನೆರಡು ಹೂವು ಕೊಯ್ದು, ತಂಬಿಗೆಯಲ್ಲಿ ನೀರು ತುಂಬಿ, ಕೊಠಡಿಯಲ್ಲಿ ಇಟ್ಟು ಬೀಗ ಹಾಕಿದರು. ಬೆಳಿಗ್ಗೆ ತೆರೆದಾಗ ಎಸಳುಗಳೆಲ್ಲ ನಿದ್ದೆ ಬಂದ ಮಗುವಿನ ರೆಪ್ಪೆಯಂತೆ ಒಳಕ್ಕೆ ಮುದುಡಿದ್ದವು. ಯಾರೋ ದೃಷ್ಟಿ ಹಾಕಿದರೆಂದು ಕೆಲವರು, ನೀರು ಸರಿಯಿಲ್ಲವೆಂದು ಕೆಲವರು ಹೇಳಿದರು. ಕೊಠಡಿಯ ಮೂಲೆಯಲ್ಲಿ ಪೂಜೆಗೆಂದು ತಂದಿಟ್ಟಿದ್ದ ಎರಡು ಚಿಪ್ಪು ಮಾಗಿದ ಬಾಳೆಹಣ್ಣು ಇದ್ದದ್ದನ್ನು ಯಾರೂ ಗಮನಿಸಲಿಲ್ಲ. ಮಾಗುವ ಹಣ್ಣು ಎಥಿಲೀನ್ ಎಂಬ ಅನಿಲವನ್ನು ಹೊರಬಿಡುತ್ತದೆ. ಕಾಯಿಯನ್ನು ಹಣ್ಣಾಗಿಸುವುದೂ ಅದೇ, ಹೂವನ್ನು ಮುಪ್ಪಾಗಿಸುವುದೂ ಅದೇ. ಕಾರ್ನೇಷನ್ನಿಗೆ ಅದರ ಸೋಂಕು ಅಣುವಿನಷ್ಟಾದರೂ ಸಾಕು. ಹೂವಿನ ವ್ಯಾಪಾರಿಗಳು ಇದನ್ನು ಬಲ್ಲವರಾಗಿ ಹಣ್ಣಿನೊಡನೆ ಹೂವನ್ನು ಎಂದೂ ಸಾಗಿಸುವುದಿಲ್ಲ. ಏಳನೆಯ ತರಗತಿಯವರು ಆಮೇಲೆ ಎರಡು ಗಾಜಿನ ಭರಣಿಗಳಲ್ಲಿ ಒಂದೊಂದು ಹೂವಿಟ್ಟು, ಒಂದರಲ್ಲಿ ಮಾತ್ರ ಹಣ್ಣಿನ ಚೂರು ಹಾಕಿ, ಇದನ್ನು ಪ್ರತ್ಯಕ್ಷ ನೋಡಿದರು. ಈ ಸಲ ಹಣ್ಣಿನ ತಟ್ಟೆ ಅಡುಗೆಯ ಮನೆಯಲ್ಲಿದೆ. ಮೇಜಿನ ಮೇಲಿನ ಹೂಗಳು ತಮಗೆ ಕಾಣುತ್ತಿವೆ.

ಬೀಜ ಹಿಡಿಯುವುದು ಬೆಳೆಸುವುದಕ್ಕಿಂತ ಸ್ವಾರಸ್ಯದ ಕೆಲಸ. ಐದೆಸಳಿನ ಹೂವಿನಲ್ಲಿ ಕೇಸರಗಳು ಮೊದಲು ಬಲಿತು ಪರಾಗ ಉದುರಿಸುತ್ತವೆ. ಶಲಾಕೆಗಳು ಆಮೇಲೆ ಚಾಚಿಕೊಳ್ಳುತ್ತವೆ. ಹೀಗಾಗಿ ಒಂದು ಹೂವಿಗೆ ಮತ್ತೊಂದರ ಪರಾಗ ಬೇಕು. ಅದನ್ನು ತರುವವರು ಉದ್ದ ನಾಲಗೆಯ ಚಿಟ್ಟೆಗಳು, ಪತಂಗಗಳು. ಚಿಟ್ಟೆ ಬಾರದ ದಿನ ನಾವೇ ಚಿಟ್ಟೆಯಾಗಬಹುದು. ಲಂಡನ್ನಿನ ಥಾಮಸ್ ಫೇರ್‌ಚೈಲ್ಡ್ ಎಂಬ ತೋಟಗಾರ ಸುಮಾರು 1717ರಲ್ಲಿ ಹೀಗೆಯೇ ಮಾಡಿದನು. ಸ್ವೀಟ್ ವಿಲಿಯಂ ಎಂಬ ನೆಂಟ ಹೂವಿನ ಪರಾಗವನ್ನು ಕಾರ್ನೇಷನ್ನಿನ ಶಲಾಕೆಗೆ ಮುಟ್ಟಿಸಿ ಹೊಸದೊಂದು ಗಿಡವನ್ನು ಪಡೆದನು. ಮನುಷ್ಯನು ಬೇಕೆಂದೇ ಮಾಡಿದ ಮೊದಲ ಸಂಕರ ಸಸ್ಯವೆಂದು ಅದು ಪ್ರಸಿದ್ಧವಾಗಿದೆ. ಬೀಜ ಕಟ್ಟದ ಆ ಗಿಡವನ್ನು ಜನರು ಫೇರ್‌ಚೈಲ್ಡನ ಹೇಸರಗತ್ತೆಯೆಂದು ಕರೆದರು. ದೈವಭಕ್ತನಾದ ಅವನಿಗೆ ಸೃಷ್ಟಿಯಲ್ಲಿ ಕೈಹಾಕಿದೆನೆಂಬ ಅಳುಕು ಇತ್ತೆಂದು ಹೇಳುತ್ತಾರೆ. 1729ರಲ್ಲಿ ತೀರಿಕೊಂಡಾಗ, ತನ್ನ ಊರಿನ ಚರ್ಚಿನಲ್ಲಿ ವರ್ಷಕ್ಕೊಮ್ಮೆ ಸೃಷ್ಟಿಯ ಸೋಜಿಗವನ್ನು ಕುರಿತು ಉಪದೇಶ ನಡೆಯಲೆಂದು ಇಪ್ಪತ್ತೈದು ಪೌಂಡುಗಳನ್ನು ಬಿಟ್ಟಿದ್ದನು. ನಮ್ಮ ಈ ಭಾಷಣಕ್ಕೆ ಅಷ್ಟು ದೊಡ್ಡ ದತ್ತಿಯೇನೂ ಇಲ್ಲ!

ಕಾಯಿ ಬಲಿತು ಕಂದು ಬಣ್ಣಕ್ಕೆ ತಿರುಗಿದಾಗ ತುದಿಯಲ್ಲಿ ನಾಲ್ಕು ಹಲ್ಲುಗಳಾಗಿ ಬಾಯಿ ಬಿಡುತ್ತದೆ. ಅಷ್ಟರೊಳಗೆ ಕಾಂಡವನ್ನು ಕೊಯ್ದು ಕಾಗದದ ಚೀಲದಲ್ಲಿ ತಲೆಕೆಳಗಾಗಿ ಕಟ್ಟಿಟ್ಟರೆ ಬೀಜ ತಾನಾಗಿ ಉದುರುತ್ತದೆ. ಈ ವಂಶದ ಜೀವಬಲ ಎಂಥದೆಂಬುದಕ್ಕೆ ಒಂದು ನಿದರ್ಶನ. ಸೈಬೀರಿಯದ ಹೆಪ್ಪುಗಟ್ಟಿದ ನೆಲದಾಳದಲ್ಲಿ, ಹಿಂದಿನ ಯುಗದ ಅಳಿಲೊಂದು ಕೂಡಿಟ್ಟಿದ್ದ ಉಗ್ರಾಣದೊಳಗೆ, ಇದೇ ಕುಟುಂಬದ ಸೈಲೀನ್ ಎಂಬ ಗಿಡದ ಕಾಯಿಗಳು ಸಿಕ್ಕಿದವು. ಕಾಯಿಯೊಳಗಿನ ಊತಕದಿಂದ ರಷ್ಯದ ವಿಜ್ಞಾನಿಗಳು ಹೂಬಿಡುವ ಗಿಡಗಳನ್ನು ಬೆಳೆಸಿ 2012ರಲ್ಲಿ ವರದಿ ಮಾಡಿದರು. ಆ ಕಾಯಿಗಳ ವಯಸ್ಸು ಮೂವತ್ತು ಸಾವಿರ ವರ್ಷಕ್ಕೂ ಮೇಲೆ. ಹಾಗೆಂದು ನಮ್ಮ ಬೀಜವನ್ನು ಅಟ್ಟದ ಮೇಲೆ ಮರೆತುಬಿಡಬಾರದು; ಸೆಕೆಯಲ್ಲಿ ಅದು ಎರಡು ಮೂರು ವರ್ಷಗಳಲ್ಲಿ ಸೊರಗುತ್ತದೆ. ಇದೇ ಕುಟುಂಬದ ಮತ್ತೊಂದು ಗಿಡ ನಮ್ಮ ಕಲ್ಲುಹೊಲಗಳ ಬದುಗಳಲ್ಲಿಯೇ ಇದೆ. ಪಾಲಿಕಾರ್ಪಿಯ ಎಂದು ಶಾಸ್ತ್ರಜ್ಞರು ಕರೆಯುವ, ಬೆಳ್ಳಿಯ ಹೊಟ್ಟಿನಂಥ ಸಣ್ಣ ಹೂಗೊಂಚಲಿನ ಗಿಡ. ದನಕರು ಮೇಯಿಸುವಾಗ ನೀವು ತುಳಿದು ನಡೆದದ್ದುಂಟು. ಮುಂದಿನ ಸಲ ಬಗ್ಗಿ ನೋಡಿರಿ.

ಆ ತಂದೆಯವರ ಪ್ರಶ್ನೆಗೆ ಈಗ ಉತ್ತರ. ಅವರು ಈ ದಿನವೂ ಸಭೆಯಲ್ಲಿದ್ದಾರೆ. ಮುಡಿಯಲಾಗದ ಹೂವೆಂಬುದನ್ನು ಒಪ್ಪಿದ್ದೇವೆ. ಕೊಳವೆ ಗಟ್ಟಿ, ಮಲ್ಲಿಗೆ ಕನಕಾಂಬರದಂತೆ ನಾರಿಗೆ ಒಗ್ಗುವುದಿಲ್ಲ. ಹೊರದೇಶದವರು ಇದಕ್ಕೆ ತಮ್ಮದೇ ಉಪಯೋಗಗಳನ್ನು ಕಂಡಿದ್ದಾರೆ. ಅಮೆರಿಕದ ಆ್ಯನಾ ಜಾರ್ವಿಸ್ಎಂಬಾಕೆ 1908ರ ಮೇ ತಿಂಗಳಲ್ಲಿ ತೀರಿಹೋದ ತನ್ನ ತಾಯಿಯ ನೆನಪಿಗೆ ಚರ್ಚಿಗೆ 500 ಬಿಳಿಯ ಕಾರ್ನೇಷನ್ ಕಳುಹಿಸಿದಳು. ತಾಯಂದಿರ ದಿನ ಹುಟ್ಟಿದ್ದು ಹಾಗೆ. ಪೋರ್ಚುಗಲ್ಲಿನಲ್ಲಿ 1974ರ ಏಪ್ರಿಲ್ 25ರಂದು ಸರ್ವಾಧಿಕಾರ ಉರುಳಿದಾಗ ಜನರು ಸೈನಿಕರ ಬಂದೂಕಿನ ಬಾಯಿಗೆ ಈ ಹೂವನ್ನು ಸಿಕ್ಕಿಸಿದರು. ಇವೆಲ್ಲ ದೊಡ್ಡ ಮಾತು. ನಮ್ಮ ಪಾತಿಯ ಲೆಕ್ಕ ಚಿಕ್ಕದು. ವಾರಕ್ಕೆ ನಾಲ್ಕು ಕೊಡ ಕೈತೊಳೆದ ನೀರು. ಹದಿನಾರು ಗಿಡಗಳಲ್ಲಿ ಈ ವರ್ಷ ಹದಿಮೂರು ಉಳಿದವು. ಹೋದ ಮೂರನ್ನು ಮಕ್ಕಳು ಕಿತ್ತು, ಬೇರು ನೋಡಿ, ಕಾರಣ ಬರೆದಿಟ್ಟಿದ್ದಾರೆ. ಮೇಷ್ಟ್ರಿಗೆ ತಿಳಿಯದ ವಿಷಯವನ್ನು ತಮ್ಮ ಸಹಪಾಠಿಯ ತಾಯಿ ಹೇಳಿಕೊಟ್ಟದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಇದು ನೀರಿನ ಬೆಲೆಗೆ ಸಾಲುತ್ತದೆಯೋ ಇಲ್ಲವೋ ಎಂಬುದನ್ನು ಆ ತಂದೆಯವರೇ ತೀರ್ಮಾನಿಸಬೇಕು. ಸಾಲದೆಂದರೆ ಮುಂದಿನ ವರ್ಷ ಆ ಪಾತಿಯಲ್ಲಿಯೂ ಅವರೆ ಹಾಕುತ್ತೇವೆ. ಈ ಮಾತನ್ನು ಸುಮ್ಮನೆ ಹೇಳುತ್ತಿಲ್ಲ.

ಬಾಗಿಲ ಬಳಿ ಎರಡು ತಟ್ಟೆಗಳಲ್ಲಿ ಕಾಗದದ ಪೊಟ್ಟಣಗಳಿವೆ. ಕೆಂಪು ಗೆರೆ ಎಳೆದದ್ದು ಹೋದ ಬೇಸಗೆಯಲ್ಲಿ ಹಿಡಿದ ಕಾರ್ನೇಷನ್ ಬೀಜ; ಹೂವಿಗೆ ಐದು ತಿಂಗಳು ಬೇಕು. ನೀಲಿ ಗೆರೆಯದು ಅದರ ತಂಗಿಯಾದ ಚೀನೀ ಪಿಂಕ್. ಕಂಪು ಕಡಿಮೆ, ಆದರೆ ಮೂರು ತಿಂಗಳಲ್ಲಿಯೇ ಹೂವು. ಮೊದಲ ಸಲ ಬೆಳೆಸುವವರು ನೀಲಿಯನ್ನು ಒಯ್ಯುವುದು ಲೇಸು. ಪಾತಿ ಇಲ್ಲದವರಿಗೆ ತಳದಲ್ಲಿ ತೂತು ಹಾಕಿದ ಹಳೆಯ ಎಣ್ಣೆಯ ಡಬ್ಬಿ ಸಾಕು. ಅಡಿಯಲ್ಲಿ ಒಂದು ಹಿಡಿ ಹೆಂಚಿನ ಚೂರು ಹಾಕಿ. ಮಹಾನವಮಿಯವರೆಗೆ ಪೊಟ್ಟಣ ಬಿಚ್ಚಬೇಡಿ. ಒಣ ಬೂದಿಯ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ. ಗಿಡ ಸತ್ತರೆ ಎಸೆಯದೆ ಬೇರುಸಹಿತ ಶಾಲೆಗೆ ಕಳುಹಿಸಿಕೊಡಬೇಕು. ಶನಿವಾರಗಳಲ್ಲಿ ಆ ತಾಯಿಯವರು ಬರುತ್ತಾರೆ; ನೋಡಿ ಹೇಳುತ್ತಾರೆ.